ಪಕ್ಕದ ಮೇಜಿನ ಡೇಟಾ ಅನಾಲಿಸ್ಟ್ ಅವರನ್ನು ಅರಿತುಕೊಳ್ಳುವುದು ಹೇಗೆ?

ಪ್ರಶ್ನೆ – ಮಾರಾಟ ವಿಭಾಗದವನು

ನಾಲ್ಕು ತಿಂಗಳ ಹಿಂದೆ ನಮ್ಮ ತಂಡಕ್ಕೆ ಡೇಟಾ ಅನಾಲಿಸ್ಟ್ ಒಬ್ಬರು ಸೇರಿಕೊಂಡಿದ್ದು, ಅವರ ಮೇಜು ನನ್ನ ಮೇಜಿನ ಪಕ್ಕದಲ್ಲಿಯೇ ಇದೆ. ಅವರು ಬಂದ ಮೊದಲ ವಾರವೇ, ಕಳೆದ ತಿಂಗಳು ನಮಗೆ ಎಷ್ಟು ಮಂದಿ ಹೊಸ ಗ್ರಾಹಕರು ಸಿಕ್ಕಿದ್ದಾರೆ ಎಂದು ನಾನು ಕೇಳಿದೆ. ಹತ್ತು ನಿಮಿಷದಲ್ಲಿ ಒಂದು ಸಂಖ್ಯೆ ಕೈಗೆ ಬರುತ್ತದೆ ಎಂದುಕೊಂಡಿದ್ದ ನನಗೆ ಸಿಕ್ಕಿದ್ದು "ಹೊಸ ಗ್ರಾಹಕರು ಎಂದರೆ ಯಾರು?" ಎಂಬ ಮರುಪ್ರಶ್ನೆ. ಖಾತೆ ತೆರೆದವರೇ, ಮೊದಲ ಬಾರಿಗೆ ಹಣ ಕೊಟ್ಟವರೇ, ಕೊಂಡ ಮರುದಿನವೇ ವಸ್ತುವನ್ನು ಹಿಂದಿರುಗಿಸಿದವರೂ ಲೆಕ್ಕಕ್ಕೆ ಸೇರುತ್ತಾರೆಯೇ, ಎರಡು ವರ್ಷ ಸುಮ್ಮನಿದ್ದು ಈಗ ಮರಳಿ ಬಂದವರು ಹೊಸಬರೋ ಹಳಬರೋ ಎಂದು ಅವರು ಒಂದೊಂದಾಗಿ ಕೇಳುತ್ತಾ ಹೋದರು. ಎರಡು ದಿನಗಳ ನಂತರ ಬಂದ ಉತ್ತರದಲ್ಲಿ ಎರಡು ಸಂಖ್ಯೆಗಳಿದ್ದವು, ಅವುಗಳ ಕೆಳಗೆ ನಾಲ್ಕು ಸಾಲಿನ ಟಿಪ್ಪಣಿಯಿತ್ತು. ನಿಜ ಹೇಳಬೇಕೆಂದರೆ ಅಂದು ನನಗೆ ಸಿಟ್ಟೇ ಬಂದಿತ್ತು.

ಕೆಲಸದ ಹೊರಗೂ ಅವರ ರೀತಿ ಹೀಗೆಯೇ. ಒಮ್ಮೆ ನಾನು ಕೊಳ್ಳಬೇಕೆಂದಿದ್ದ ಹೆಡ್‌ಫೋನಿಗೆ ಐದಕ್ಕೆ 4.8 ಅಂಕ ಬಂದಿದೆ ಎಂದು ಉತ್ಸಾಹದಿಂದ ತೋರಿಸಿದಾಗ, "ಎಷ್ಟು ಮಂದಿ ಕೊಟ್ಟ ಅಂಕ?" ಎಂದರು. ನೋಡಿದರೆ ಆರೇ ಮಂದಿ. ಅವರು ಮಿತಭಾಷಿಗಳು, ಆದರೆ ಒಳ್ಳೆಯವರು. ಇಂಥವರು ದಿನವಿಡೀ ಮಾಡುವ ಕೆಲಸವೇನು, ಅವರ ಮುಂದೆ ಕೆಲಸವನ್ನು ಹೇಗೆ ಇಡಬೇಕು, ಸಂಖ್ಯೆಗಳಾಚೆಗೆ ಅವರೊಡನೆ ಒಡನಾಟ ಬೆಳೆಸುವುದು ಹೇಗೆ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 – ಒಂಬತ್ತು ವರ್ಷದ ಅನಾಲಿಸ್ಟ್

ನಿಮಗೆ ಸಿಟ್ಟು ತರಿಸಿದ ಆ ಮರುಪ್ರಶ್ನೆಯೇ ನಮ್ಮ ಕಸುಬಿನ ಮುಖ್ಯ ಭಾಗ. ನಾವು ದಿನವಿಡೀ ಬಣ್ಣಬಣ್ಣದ ಡ್ಯಾಶ್‌ಬೋರ್ಡ್ (ಮುಖ್ಯ ಅಂಕಿಗಳನ್ನು ಗ್ರಾಫ್‌ಗಳಲ್ಲಿ ತೋರಿಸುವ ಪರದೆ) ಮಾಡುತ್ತಾ ಕುಳಿತಿರುತ್ತೇವೆ ಎಂದು ಅನೇಕರು ತಿಳಿದಿದ್ದಾರೆ. ಗ್ರಾಫ್ ಎಳೆಯುವುದು ಕೊನೆಯ ಅರ್ಧ ಗಂಟೆಯ ಕೆಲಸ; ಅದಕ್ಕೂ ಮುಂಚಿನ ದಿನಗಳೆಲ್ಲ ದತ್ತಾಂಶವನ್ನು ಹಸನು ಮಾಡುವುದರಲ್ಲಿ ಕಳೆಯುತ್ತವೆ. ಒಬ್ಬನೇ ಗ್ರಾಹಕನ ಹೆಸರು ಮೂರು ಬಗೆಯ ಕಾಗುಣಿತದಲ್ಲಿ ಕುಳಿತಿರುತ್ತದೆ. 03/04 ಎಂದು ಬರೆದ ದಿನಾಂಕ ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ ತಿಳಿಯುವುದಿಲ್ಲ. ಖಾಲಿ ಬಿಟ್ಟ ಜಾಗಕ್ಕೆ "ಸೊನ್ನೆ" ಎಂದು ಅರ್ಥವೋ "ಗೊತ್ತಿಲ್ಲ" ಎಂದು ಅರ್ಥವೋ ಎಂಬುದನ್ನು, ಅದನ್ನು ತುಂಬಿದವರನ್ನು ಹುಡುಕಿಕೊಂಡು ಹೋಗಿ ಕೇಳಬೇಕಾಗುತ್ತದೆ.

ನಾನೇ ಮಾಡಿದ ತಪ್ಪೊಂದನ್ನು ಹೇಳುತ್ತೇನೆ. ಆರ್ಡರ್‌ಗಳ ಕೋಷ್ಟಕವನ್ನು ಕಂತುಗಳ ಕೋಷ್ಟಕದೊಂದಿಗೆ ಜೋಡಿಸಿ (ಇದನ್ನು ನಾವು ಜಾಯಿನ್ ಎನ್ನುತ್ತೇವೆ) ಒಟ್ಟು ಮಾರಾಟವನ್ನು ಕೂಡಿಸಿದ್ದೆ. ಆರು ಸಾವಿರದ ಒಂದು ಆರ್ಡರಿಗೆ ಮೂರು ಕಂತುಗಳಿದ್ದರೆ, ಜೋಡಣೆಯಾದ ಮೇಲೆ ಆ ಆರ್ಡರ್ ಮೂರು ಸಾಲುಗಳಾಗಿ, ಪ್ರತಿಯೊಂದರಲ್ಲೂ ಆರು ಸಾವಿರವನ್ನೇ ಹೊತ್ತು ನಿಲ್ಲುತ್ತದೆ. ಕೂಡಿಸಿದರೆ ಹದಿನೆಂಟು ಸಾವಿರ. ಕ್ವೆರಿ (ದತ್ತಾಂಶದಿಂದ ಬೇಕಾದದ್ದನ್ನು ಪಡೆಯಲು ಕಂಪ್ಯೂಟರಿಗೆ ಬರೆದುಕೊಡುವ ಆದೇಶ) ಯಾವ ದೋಷವನ್ನೂ ತೋರಿಸದೆ ಓಡಿತ್ತು, ಮೊತ್ತವೂ ನೋಡಲು ಚೆನ್ನಾಗಿಯೇ ಇತ್ತು, ಅದು ಮೇಲಿನವರ ಸಭೆಗೂ ಹೋಯಿತು. ಲೆಕ್ಕಪತ್ರ ವಿಭಾಗದವರೊಬ್ಬರು ಹುಬ್ಬೇರಿಸಿದ ಮೇಲಷ್ಟೇ ನನಗೆ ತಿಳಿದದ್ದು. ಆಮೇಲಿನಿಂದ ನಾನು ಜೋಡಿಸುವ ಮುನ್ನ ಒಮ್ಮೆ, ಜೋಡಿಸಿದ ಮೇಲೊಮ್ಮೆ ಸಾಲುಗಳನ್ನು ಎಣಿಸದೆ ಮುಂದಕ್ಕೆ ಹೋಗುವುದಿಲ್ಲ. ನಿಮ್ಮ ಸಹೋದ್ಯೋಗಿ ತೆಗೆದುಕೊಂಡ ಎರಡು ದಿನಗಳಲ್ಲಿ ಇಂಥ ಎಣಿಕೆಗಳೇ ಹೆಚ್ಚಾಗಿದ್ದಿರಬಹುದು.

ಇದು ಸಣ್ಣ ಸಂಸ್ಥೆಗಳ ಕಥೆ ಮಾತ್ರವಲ್ಲ. 2020ರಲ್ಲಿ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವೆ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದೈನಂದಿನ ಲೆಕ್ಕದಿಂದ ಬಿಟ್ಟುಹೋದವು. ಎಕ್ಸೆಲ್‌ನ ಹಳೆಯ ಮಾದರಿಯ ಕಡತದಲ್ಲಿ ಒಂದು ಹಾಳೆಗೆ 65,536 ಸಾಲುಗಳಷ್ಟೇ ಹಿಡಿಯುತ್ತಿದ್ದು, ಅದನ್ನು ಮೀರಿದ ದಾಖಲೆಗಳು ಸದ್ದಿಲ್ಲದೆ ಉದುರಿಹೋಗಿದ್ದವು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಅಷ್ಟು ದಿನ ತಡವಾಯಿತು.

ಉತ್ತರ 2 – ಯೋಜನಾ ಮುಖ್ಯಸ್ಥೆ

ಮೇಲಿನವರು ಅನಾಲಿಸ್ಟ್‌ನ ಕಡೆಯಿಂದ ಬರೆದಿದ್ದಾರೆ. ನಾನು ಕೆಲಸ ಹೇಳುವವರ ಕಡೆಯಿಂದ ಬರೆಯುತ್ತೇನೆ. ಅವರಲ್ಲಿ ಸಂಖ್ಯೆಯನ್ನು ಕೇಳಬೇಡಿ, ಆ ಸಂಖ್ಯೆಯಿಂದ ನೀವು ಯಾವ ತೀರ್ಮಾನ ತೆಗೆದುಕೊಳ್ಳಲಿದ್ದೀರಿ ಎಂಬುದನ್ನು ಹೇಳಿ. "ಸರಾಸರಿ ಎಷ್ಟು ದಿನಕ್ಕೆ ವಸ್ತು ತಲುಪುತ್ತಿದೆ?" ಎಂದು ನಾನು ಒಮ್ಮೆ ಕೇಳಿದ್ದೆ. ನಮ್ಮ ಅನಾಲಿಸ್ಟ್ ಉತ್ತರವನ್ನು ಕೊಡುವ ಬದಲು ಹತ್ತು ಆರ್ಡರ್‌ಗಳನ್ನು ಕಾಗದದ ಮೇಲೆ ಬರೆದು ತೋರಿಸಿದರು: ಒಂಬತ್ತು ಆರ್ಡರ್‌ಗಳು ಎರಡೇ ದಿನದಲ್ಲಿ ತಲುಪಿವೆ, ಒಂದು ಮಾತ್ರ ಎಲ್ಲೋ ಸಿಕ್ಕಿಹಾಕಿಕೊಂಡು ಮೂವತ್ತೆರಡು ದಿನ ತೆಗೆದುಕೊಂಡಿದೆ. ಸರಾಸರಿ ಐದು ದಿನ, ಆದರೆ ಐದು ದಿನ ಕಾದ ಗ್ರಾಹಕ ಒಬ್ಬರೂ ಅಲ್ಲಿಲ್ಲ. ನಾನಾದರೋ ಆ ಐದನ್ನು ಹಿಡಿದುಕೊಂಡು ಸಾಗಣೆಯ ವ್ಯವಸ್ಥೆಯನ್ನೇ ಬದಲಿಸಲು ಹೊರಟಿದ್ದೆ. ಬೇಕಾಗಿದ್ದದ್ದು ಮಧ್ಯಾಂಕವಾದ (ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವ ಬೆಲೆಯಾದ) ಎರಡು ಮತ್ತು ಆ ಒಂದು ಆರ್ಡರಿಗೆ ಏನಾಯಿತು ಎಂಬ ವಿಚಾರಣೆ.

ಇನ್ನೊಂದು ಮಾತು. ತೀರ್ಮಾನವನ್ನು ಮೊದಲೇ ಮಾಡಿಕೊಂಡು, ಅದಕ್ಕೆ ಒಪ್ಪುವ ಅಂಕಿಅಂಶವನ್ನು ಹುಡುಕಿಕೊಡಿ ಎಂದು ಅವರ ಬಳಿ ಎಂದೂ ಹೋಗಬೇಡಿ. ನಾನು ಹೋಗಿದ್ದೇನೆ. ಕೇಳಿದ್ದನ್ನು ಅವರು ಕೊಟ್ಟರು, ಆದರೆ ಮುಂದಿನ ಆರು ತಿಂಗಳು ನನ್ನೊಡನೆ ಕೆಲಸದ ಮಾತನ್ನಲ್ಲದೆ ಬೇರೇನನ್ನೂ ಆಡಲಿಲ್ಲ.

ಉತ್ತರ 3 – ಮನೆಯ ಕಡೆಯಿಂದ

ನನ್ನ ಹೆಂಡತಿ ಹನ್ನೊಂದು ವರ್ಷಗಳಿಂದ ಇದೇ ಕೆಲಸದಲ್ಲಿದ್ದಾರೆ. ಹೊರಗಿನವರಿಗೆ ಇವರು ಎಲ್ಲವನ್ನೂ ಸಂಶಯದಿಂದ ನೋಡುವವರಂತೆ ಕಾಣುತ್ತಾರೆ. ನನಗೆ ತಿಳಿದಂತೆ ಅವರು ಸಂಶಯಪಡುವುದು ತಮ್ಮ ಮಾತಿನ ಮೇಲೆಯೇ. "ನಾಳೆ ಮಳೆ ಬರುತ್ತದೆಯೇ?" ಎಂದರೆ "ಬರುವ ಸಂಭವ ಹೆಚ್ಚು" ಎಂಬುದು ನಮ್ಮ ಮನೆಯ ಉತ್ತರ. ಹಳೆಯ ಕಾಲದ ಮಿಕ್ಸಿಗಳೇ ಗಟ್ಟಿ, ಇಂದಿಗೂ ಓಡುತ್ತಿವೆ ನೋಡು ಎಂದು ನಾನು ಒಮ್ಮೆ ಹೇಳಿದಾಗ, ಕೆಟ್ಟುಹೋದ ಹಳೆಯ ಮಿಕ್ಸಿಗಳೆಲ್ಲ ಗುಜರಿಗೆ ಹೋಗಿವೆ, ನಿಮ್ಮ ಕಣ್ಣಿಗೆ ಬೀಳುತ್ತಿರುವುದು ಉಳಿದುಕೊಂಡವು ಮಾತ್ರ ಎಂದರು. ವಾದದಲ್ಲಿ ಸೋತರೂ ನನಗೆ ಬೇಸರವಾಗಲಿಲ್ಲ, ಏಕೆಂದರೆ ಮುಂದಿನ ವಾರ ತಮ್ಮದೇ ಮಾತೊಂದನ್ನು ಅವರು ಅದೇ ರೀತಿ ಕತ್ತರಿಸಿ ಹಾಕಿದರು.

ಒಡನಾಟದ ವಿಷಯದಲ್ಲಿ ಒಂದು ಸಲಹೆಯಿದೆ. ಭೇಟಿಯಾದಾಗಲೆಲ್ಲ ಎಕ್ಸೆಲ್ ಹಾಳೆಯನ್ನು ಸರಿಪಡಿಸಿಕೊಡಿ ಎನ್ನಬೇಡಿ. ಅದರಿಂದ ಅವರು ಬಹಳ ದಣಿದಿರುತ್ತಾರೆ. ಅದರ ಬದಲು ಈ ವಾರ ಅವರನ್ನು ಅಚ್ಚರಿಗೊಳಿಸಿದ್ದು ಏನು ಎಂದು ಕೇಳಿ ನೋಡಿ. ನನ್ನ ಹೆಂಡತಿಯ ಮಟ್ಟಿಗಂತೂ ಆ ಪ್ರಶ್ನೆಯ ನಂತರ ಮಿತಭಾಷೆ ಉಳಿಯುವುದಿಲ್ಲ.

ಉತ್ತರ 4 – ಇನ್ನೊಂದು ಬದಿ

ಎಲ್ಲರೂ ಹೊಗಳುತ್ತಿರುವುದರಿಂದ ಒಂದು ಅಪಸ್ವರ. "ದತ್ತಾಂಶ ಸಾಲದು" ಎಂಬ ಮಾತಿನ ಹಿಂದೆ ಅಡಗಿಕೊಂಡು, ಯಾವ ಪ್ರಶ್ನೆಗೂ ಸಮಯಕ್ಕೆ ಸರಿಯಾಗಿ ಉತ್ತರಿಸದ ಅನಾಲಿಸ್ಟ್‌ಗಳನ್ನೂ ನಾನು ಕಂಡಿದ್ದೇನೆ. ಸಭೆ ಮುಗಿದ ಮರುದಿನ ಬರುವ ನಿಖರವಾದ ಸಂಖ್ಯೆಗಿಂತ, ಸಭೆಗೆ ಮುನ್ನ "ಸುಮಾರು ಇಷ್ಟು, ಈ ಕಾರಣಕ್ಕೆ ಸ್ವಲ್ಪ ಹೆಚ್ಚುಕಡಿಮೆಯಾಗಬಹುದು" ಎಂದು ಹೇಳಿದ ಅಂದಾಜು ಮೇಲು. ಮರುಪ್ರಶ್ನೆ ಕೇಳುವ ಹಕ್ಕು ಅವರಿಗಿದೆ. ಎಂದಿನೊಳಗೆ ಬೇಕು ಎಂದು ಹೇಳುವ ಹಕ್ಕು ನಿಮಗೂ ಇದೆ.

ಉತ್ತರ 1ರವರ ಪ್ರತಿಕ್ರಿಯೆ

ಈ ಮಾತನ್ನು ಒಪ್ಪುತ್ತೇನೆ. ಮೊದಲ ಎರಡು ವರ್ಷ ನಾನೂ ಹಾಗೆಯೇ ಇದ್ದೆ. ಗಡುವನ್ನೂ, ಎಷ್ಟು ನಿಖರತೆ ಸಾಕು ಎಂಬುದನ್ನೂ ಮೊದಲೇ ತಿಳಿಸಿದರೆ ನಮಗೂ ಅನುಕೂಲ.

ಪ್ರಶ್ನೆ ಕೇಳಿದವರಿಂದ – ಎರಡು ವಾರಗಳ ನಂತರ

ಎಲ್ಲರಿಗೂ ಧನ್ಯವಾದಗಳು. ಈ ಬಾರಿ ನಾನು ಸಂಖ್ಯೆಯನ್ನು ಕೇಳದೆ, ಮುಂದಿನ ಮೂರು ತಿಂಗಳಿಗೆ ನನ್ನ ಬಳಿ ಇರುವ ಇಬ್ಬರು ಮಾರಾಟಗಾರರನ್ನು ಎರಡು ವಲಯಗಳಲ್ಲಿ ಯಾವುದಕ್ಕೆ ಕಳುಹಿಸಲಿ ಎಂದು ಕೇಳಿದೆ; ಶುಕ್ರವಾರದೊಳಗೆ ಅಂದಾಜು ಸಿಕ್ಕರೆ ಸಾಕು ಎಂದೂ ಸೇರಿಸಿದೆ. ಗುರುವಾರವೇ ಉತ್ತರ ಬಂತು. ನಾನು ಬಲವಾದದ್ದೆಂದು ನಂಬಿದ್ದ ವಲಯದಲ್ಲಿ ಮೊದಲ ಖರೀದಿ ಹೆಚ್ಚು, ಆದರೆ ಎರಡನೆಯ ಬಾರಿಗೆ ಬರುವವರು ವಿರಳ ಎಂಬುದು ಅದರಲ್ಲಿತ್ತು.

ನಿಮ್ಮಲ್ಲೊಬ್ಬರು ಹೇಳಿದಂತೆ, ಇತ್ತೀಚೆಗೆ ಅಚ್ಚರಿಗೊಳಿಸಿದ್ದು ಏನು ಎಂದೂ ಕೇಳಿದೆ. ಅವರು ಕಾಗದ ತೆಗೆದುಕೊಂಡು ನಾಲ್ಕು ಗ್ರಾಫ್‌ಗಳನ್ನು ಎಳೆದರು. ಫ್ರಾನ್ಸಿಸ್ ಆನ್‌ಸ್ಕಂಬ್ ಎಂಬ ಸಂಖ್ಯಾಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದವಂತೆ; ಪ್ರತಿಯೊಂದರಲ್ಲೂ ಹನ್ನೊಂದು ಚುಕ್ಕೆಗಳು, ನಾಲ್ಕಕ್ಕೂ ಹೆಚ್ಚುಕಡಿಮೆ ಒಂದೇ ಸರಾಸರಿ, ನಡುವೆ ಹಾಯುವ ಗೆರೆಯೂ ಒಂದೇ. ಆದರೆ ಒಂದರಲ್ಲಿ ಚುಕ್ಕೆಗಳು ಗೆರೆಯ ಅಕ್ಕಪಕ್ಕ ಚದುರಿವೆ, ಇನ್ನೊಂದರಲ್ಲಿ ಬಿಲ್ಲಿನಂತೆ ಬಾಗಿವೆ, ಮೂರನೆಯದರಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ನೇರವಾಗಿ ಸಾಲುಗಟ್ಟಿವೆ. ಲೆಕ್ಕವೆಲ್ಲ ಒಂದೇ ಆದರೂ ಚಿತ್ರ ಬೇರೆ ಬೇರೆ ಎಂಬುದನ್ನು ಕಂಡ ದಿನದಿಂದ ಗ್ರಾಫ್ ನೋಡದೆ ಯಾವ ಸರಾಸರಿಯನ್ನೂ ನಂಬಿಲ್ಲ, ಇಂದಿಗೂ ಇದನ್ನು ನೋಡಿದಾಗಲೆಲ್ಲ ಅಚ್ಚರಿಯಾಗುತ್ತದೆ ಎಂದರು. ನಾಲ್ಕನೆಯದರಲ್ಲಿ ಹತ್ತು ಚುಕ್ಕೆಗಳು ಒಂದರ ಮೇಲೊಂದು ಕಂಬದಂತೆ ನಿಂತಿದ್ದು, ಒಂದು ಮಾತ್ರ ದೂರದ ಮೂಲೆಯಲ್ಲಿತ್ತು. ಅದೊಂದನ್ನು ಅಳಿಸಿದರೆ ಗೆರೆ ಏನಾಗುತ್ತದೆ ಎಂದು ಕೇಳಿದೆ. ಅವರು ನಕ್ಕು, ಕುರ್ಚಿಯನ್ನು ನನ್ನ ಮೇಜಿನ ಕಡೆಗೆ ಎಳೆದುಕೊಂಡರು.