ಅಪ್‌ಡೇಟ್: ಪಕ್ಕದ ತೋಟದ ಕೊಂಬೆ ಬಿದ್ದು ಹೆಂಚು ಒಡೆದ ವಿಷಯ

ಮೂಡಿಗೆರೆ ಕಡೆಯ ನಮ್ಮ ಮನೆ ಮೇಲೆ ಪಕ್ಕದ ತೋಟದವರ ಸಿಲ್ವರ್ ಮರದ ಕೊಂಬೆ ಬಿದ್ದು, ಹಿಂದಿನ ಮಾಡಿನ ಹೆಂಚು, ಸೋಲಾರ್ ಹೀಟರಿನ ಟ್ಯೂಬು ಒಡೆದಿದ್ದವು. ಮರಗಸಿ (ತೋಟದ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ) ಮಾಡುವ ಆಳಿನ ಕೈತಪ್ಪಿಗೆ ತಾನೇಕೆ ದುಡ್ಡು ಕೊಡಲಿ ಎಂದು ಅವರು ಪಟ್ಟು ಹಿಡಿದಾಗ ನಿಮ್ಮ ಸಲಹೆ ಕೇಳಿದ್ದೆ. ಈಗ ಬಗೆಹರಿದಿದೆ.

ಬೇಕಂತಲೇ ಮಾಡಿದ್ದಲ್ಲ, ಪೊಲೀಸ್ ದೂರು ಬೇಡ ಎಂದಿರಿ. ಅದೇ ಸರಿಯಾಯ್ತು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಫೋಟೊ, ಬಿಲ್ಲು ಸೇರಿಸಿ ಅರ್ಜಿ ಕೊಟ್ಟೆ. ಕೇಸು ಹಾಕುವ ಮೊದಲೇ ಅಲ್ಲಿ ರಾಜಿಗೆ ಕೂರಬಹುದು.

ಸಮಿತಿಯ ನೋಟಿಸು ಹೋದ ಮೇಲೆ ತೋಟದವರೇ ಮನೆಗೆ ಬಂದರು. "ಕೋರ್ಟು ಗೀರ್ಟು ಯಾಕೆ ಮಾರಾಯ್ರೆ, ಕೂತು ಮಾತಾಡುವ" ಅಂದರು. ಟ್ಯೂಬಿನ ದುಡ್ಡಿಗೆ ತಕ್ಷಣ ಒಪ್ಪಿದರು. ಕಷ್ಟವಾದದ್ದು ಹೆಂಚಿನದು. ಹಳೇ ಮಂಗಳೂರು ಹೆಂಚಿಗೆ ಹೊಸದರ ಅಚ್ಚು ಕೂರುವುದಿಲ್ಲ, ಸಂದಿಯಲ್ಲಿ ಮಳೆನೀರು ಇಳಿಯುತ್ತದೆ. ಕೊನೆಗೆ ಅವರ ಹಳೇ ಗೋಡೌನಿನ ಹೆಂಚು ತಂದು ನೋಡಿದರೆ ಸರಿಯಾಗಿ ಕೂತವು! ಹೊದಿಸುವ ಕೂಲಿಯೂ ಅವರದೇ.

ಬಾಯಿಮಾತಿಗೇ ಬಿಡದೆ ಲೋಕ ಅದಾಲತ್‌ನಲ್ಲಿ ರಾಜಿ ದಾಖಲಿಸಿದೆವು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ (ತೀರ್ಪಿನ ಆದೇಶಕ್ಕೆ) ಸಮ, ಮೇಲ್ಮನವಿ ಇಲ್ಲ. ದಯವಿಟ್ಟು ನೀವೂ ಹೀಗೇ ಮಾಡಿ. ಕೊಟ್ಟಿಗೆ ಕಡೆ ವಾಲಿರುವ ಇನ್ನೊಂದು ಮರದ ಕೊಂಬೆಗಳನ್ನು ಹಗ್ಗ ಕಟ್ಟಿಯೇ ಇಳಿಸಬೇಕು ಎಂಬುದನ್ನೂ ಅದರಲ್ಲಿ ಬರೆಸಿದ್ದೇವೆ.