ಜೂನಿಯರ್ ಕ್ರೆಡಿಟ್ ಅನಲಿಸ್ಟ್ ಕೆಲಸ: ಏನು ಕಲಿತುಕೊಂಡು ಹೋಗಬೇಕು?

ಪ್ರಶ್ನೆ: ನಮಸ್ತೆ ಮೇಡಂ. ನಮ್ಮದು ಶಿಡ್ಲಘಟ್ಟ. ಈ ವರ್ಷ ಬಿ.ಕಾಂ. ಮುಗೀತು. ಚಿಕ್ಕಬಳ್ಳಾಪುರದ ಒಂದು ಫೈನಾನ್ಸ್ ಕಂಪನಿಯಲ್ಲಿ ಜೂನಿಯರ್ ಕ್ರೆಡಿಟ್ ಅನಲಿಸ್ಟ್ ಕೆಲಸಕ್ಕೆ ಇಂಟರ್‌ವ್ಯೂ ಇದೆ. ನಾನು ಎಂ.ಬಿ.ಎ. ಮಾಡಿಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ. ಏನು ಓದಿಕೊಂಡು ಹೋಗಲಿ?

ಉತ್ತರ: ಧೈರ್ಯವಾಗಿ ಹೋಗಿ. ಸಾಲ ಕೇಳಿದವರು ಅದನ್ನು ತೀರಿಸಬಲ್ಲರಾ ಅಂತ ಪರಿಶೀಲಿಸುವುದೇ ಈ ಕೆಲಸ. ಸಣ್ಣ ವ್ಯಾಪಾರದ ಸಾಲಗಳಿಗೆ ಬಿ.ಕಾಂ. ಓದಿದ್ದು ಚೆನ್ನಾಗಿಯೇ ಆಗಿಬರುತ್ತದೆ. ಬ್ಯಾಲೆನ್ಸ್ ಶೀಟ್ ಓದೋಕೆ ಬರಬೇಕು, ಎಕ್ಸೆಲ್ ಬರಬೇಕು. ಸಿಬಿಲ್ ಸ್ಕೋರ್ (ಹಿಂದಿನ ಸಾಲಗಳನ್ನು ಹೇಗೆ ಕಟ್ಟಿದ್ದಾರೆ ಅನ್ನುವುದಕ್ಕೆ ಕೊಡುವ ಅಂಕ) 300ರಿಂದ 900ರವರೆಗೆ ಇರುತ್ತದೆ, ಕಂತು 90 ದಿನಕ್ಕಿಂತ ಜಾಸ್ತಿ ಬಾಕಿ ಉಳಿದರೆ ಸಾಲ ಎನ್‌ಪಿಎ (ಕೆಟ್ಟ ಸಾಲ) ಆಗುತ್ತದೆ, ಇಂಥವೆಲ್ಲ ಒಂದು ಸಂಜೆ ಕೂತರೆ ತಲೆಗೆ ಹತ್ತುತ್ತವೆ.

ಕಷ್ಟ ಇರುವುದು ಬ್ಯಾಂಕ್ ಸ್ಟೇಟ್‌ಮೆಂಟ್ ಓದುವುದರಲ್ಲಿ. ನಿಮ್ಮೂರಿನ ರೀಲರ್ (ರೇಷ್ಮೆಗೂಡಿನಿಂದ ನೂಲು ತೆಗೆಯುವವರು) ಒಬ್ಬರು ಸಾಲ ಕೇಳಿದ್ದಾರೆ ಅಂದುಕೊಳ್ಳಿ. ಖಾತೆಗೆ ವರ್ಷದಲ್ಲಿ 60 ಲಕ್ಷ ಜಮೆ ಆಗಿದೆ. ವ್ಯಾಪಾರ 60 ಲಕ್ಷ ಅಂತ ಸುಮ್ನೆ ಬರೆದುಬಿಡಬೇಡಿ. ತಮ್ಮನ ಖಾತೆಯಿಂದ ಬಂದು ಮರುದಿನ ಅಲ್ಲಿಗೇ ವಾಪಸ್ ಹೋದ ಹಣ ಕಳೆಯಿರಿ. ಅವರದೇ ಇನ್ನೊಂದು ಖಾತೆಯಿಂದ ಬಂದದ್ದು ಕಳೆಯಿರಿ. ಬೇರೆ ಕಡೆ ತೆಗೆದ ಸಾಲವನ್ನೂ ಕಳೆಯಿರಿ. 42 ಲಕ್ಷ ಉಳಿದರೆ ವ್ಯಾಪಾರ ಅಷ್ಟೇ. ಆಮೇಲೆ ಕಂತಿನ ತಾರೀಖಿನ ಹಿಂದಿನ ದಿನ ಖಾತೆಯಲ್ಲಿ ಎಷ್ಟಿತ್ತು ನೋಡಿ. ಪ್ರತಿ ತಿಂಗಳೂ ಆ ಒಂದು ದಿನ ಮಾತ್ರ ನಗದು ತಂದು ತುಂಬುತ್ತಿದ್ದರೆ, ಹಣ ಎಲ್ಲಿಂದ ಬಂತು ಅಂತ ಕೇಳಲೇಬೇಕು. ಕೈಸಾಲ ಸಿಬಿಲ್‌ನಲ್ಲಿ ಕಾಣುವುದಿಲ್ಲ, ಇಲ್ಲಿ ಅದರ ಸುಳಿವು ಸಿಗುತ್ತದೆ.

ಗೂಡಿನ ರೇಟು ದಿನಾ ಹರಾಜಿನಲ್ಲಿ ಏರಿಳಿಯುವುದು, ನೂಲು ಮಾರಿ ದುಡ್ಡು ಕೈಗೆ ಬರೋಕೆ ತಡವಾಗುವುದು, ಇದೆಲ್ಲ ನೀವು ನೋಡಿಕೊಂಡೇ ಬೆಳೆದವರು. ಇಂಟರ್‌ವ್ಯೂನಲ್ಲಿ ಅದನ್ನು ಹೇಳಿ. ಇಂಗ್ಲಿಷ್ ಕೆಲಸ ಮಾಡ್ತಾ ಬರುತ್ತದೆ.

ಪ್ರಶ್ನೆ: ತೀರಿಸುವ ಶಕ್ತಿ ಇದೆಯಾ ಅಂತ ಹೇಗೆ ಲೆಕ್ಕ ಹಾಕೋದು ಮೇಡಂ?

ಉತ್ತರ: ಅದಕ್ಕೆ ಡಿಎಸ್‌ಸಿಆರ್ ಅನ್ನುತ್ತಾರೆ. ಸಾಲ ಕಟ್ಟೋಕೆ ಸಿಗುವ ಹಣವನ್ನು ಕಟ್ಟಬೇಕಾದ ಹಣದಿಂದ ಭಾಗಿಸುವುದು, ಅಷ್ಟೇ. ತೆರಿಗೆ ಕಳೆದ ಲಾಭ 5 ಲಕ್ಷ, ಸವಕಳಿ (ಯಂತ್ರ ಸವೆದದ್ದಕ್ಕೆ ಲೆಕ್ಕದಲ್ಲಿ ಮಾತ್ರ ಕಳೆದ ಮೊತ್ತ) 1 ಲಕ್ಷ, ಸಾಲದ ಬಡ್ಡಿ 1 ಲಕ್ಷ, ಕೂಡಿದರೆ 7 ಲಕ್ಷ. ವರ್ಷದಲ್ಲಿ ಕಟ್ಟಬೇಕಾದ ಅಸಲು, ಬಡ್ಡಿ ಸೇರಿ 5 ಲಕ್ಷ. ಭಾಗಿಸಿದರೆ 1.4. ಒಂದಕ್ಕಿಂತ ಕಡಿಮೆ ಬಂದರೆ ಸಂಪಾದನೆಯಿಂದ ಕಂತು ಕಟ್ಟೋಕೆ ಆಗಲ್ಲ ಅಂತಾಯ್ತು. ಒಂದರ ಮೇಲೆ ಸ್ವಲ್ಪ ಉಸಿರಾಡೋಕೆ ಜಾಗ ಇರಬೇಕು.

ಪ್ರಶ್ನೆ (ಕೋಲಾರದಿಂದ ಇನ್ನೊಬ್ಬರು): ನಮ್ಮ ಕಡೆ ಟೊಮೆಟೊ ಬೆಳೆಯುವವರಿಗೆ ತಿಂಗಳ ಆದಾಯ ಇರಲ್ಲ ಅಲ್ವಾ? ಅವರಿಗೆ ಈ ಲೆಕ್ಕ ಹೊಂದುತ್ತಾ?

ಉತ್ತರ: ತಿಂಗಳ ಕಂತು ಅವರಿಗೆ ಹೊಂದಲ್ಲ. ಬೆಳೆ ಕೈಗೆ ಬರುವ ಹೊತ್ತಿಗೆ ಕಂತು ಇಡಬೇಕು. ಬ್ಯಾಂಕಿನ ಬೆಳೆಸಾಲದಲ್ಲೂ ಅಲ್ಪಾವಧಿ ಬೆಳೆಗೆ 90 ದಿನದ ಲೆಕ್ಕವಿಲ್ಲ. ಎರಡು ಹಂಗಾಮು ಬಾಕಿ ಉಳಿದರೆ ಮಾತ್ರ ಎನ್‌ಪಿಎ. ಕೋಲಾರದ ಎಪಿಎಂಸಿಯಲ್ಲಿ ರೇಟು ಬಿದ್ದ ವರ್ಷದ ಆದಾಯ ಹಿಡಿದು ಲೆಕ್ಕ ಹಾಕಿ, ಚಿನ್ನದಂಥ ರೇಟು ಬಂದ ವರ್ಷದ್ದಲ್ಲ. ಪಹಣಿಯಲ್ಲಿರುವ ಬೆಳೆ ಹೊಲದಲ್ಲಿ ನಿಜವಾಗಲೂ ಇದೆಯಾ, ಬೋರ್‌ವೆಲ್‌ನಲ್ಲಿ ನೀರಿದೆಯಾ, ಹೋಗಿ ನೋಡಿ. ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಜಮೀನಿನ ಮೇಲೆ ನೋಂದಣಿಯಾದ ಅಡಮಾನ ಇದ್ದರೆ ಗೊತ್ತಾಗುತ್ತದೆ.

ಪ್ರಶ್ನೆ: ಸೇಲ್ಸ್‌ನವರು ಟಾರ್ಗೆಟ್ ಅಂತ ಒತ್ತಡ ಹಾಕ್ತಾರಂತೆ. ಹೊಸಬರು ಏನು ಮಾಡಬೇಕು?

ಉತ್ತರ: ಹಾಕ್ತಾರೆ. ಜಗಳ ಬೇಡ, ಬರೆದಿಡಿ. ಯಾವ ತಿಂಗಳ ಸ್ಟೇಟ್‌ಮೆಂಟ್, ಎಷ್ಟು ಮೊತ್ತ, ಯಾಕೆ ಅನುಮಾನ ಅಂತ ಫೈಲಿನಲ್ಲೇ ನಾಲ್ಕು ಸಾಲು ಇರಲಿ. ಮೇಲಿನವರು ಮಂಜೂರು ಮಾಡುವುದಾದರೆ ಅದನ್ನು ಓದಿಯೇ ಮಾಡಲಿ. ಇನ್ನೊಂದು ಮಾತು, ಸಾಲ ಕೊಡೋಕೆ ಆಗಲ್ಲ ಅಂತಾದರೆ ಬಂದವರಿಗೆ ಕಾರಣ ಮರ್ಯಾದೆಯಿಂದ ಹೇಳಿ. 10 ಲಕ್ಷಕ್ಕೆ ಆಗದಿದ್ದರೆ 4 ಲಕ್ಷಕ್ಕೆ ಆಗುತ್ತಾ ಅಂತಲೂ ಲೆಕ್ಕ ಹಾಕಿ ನೋಡಿ.