ಪದಚರ್ಚೆ: ಅಕ್ಕಡಿ, ಅಂತರಬೆಳೆ, ಮಿಶ್ರಬೆಳೆ, ತೆಂಡೆ, ಇಳುವರಿ

ಪ್ರಶ್ನೆ (ತುಮಕೂರಿನಿಂದ):

ನಮಸ್ಕಾರ. ಆಹಾರದ ಕೊರತೆಯಿರುವ ದೇಶಗಳಲ್ಲಿ ಮಳೆಯಾಶ್ರಿತ ಬೇಸಾಯ ಸುಧಾರಿಸುವ ಬಗ್ಗೆ ಒಂದು ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಪೂರ್ವ ಆಫ್ರಿಕಾದ ರಾಗಿ ಹೊಲಗಳ ಉದಾಹರಣೆಗಳೇ ಹೆಚ್ಚು. ಕರಡಿನಲ್ಲಿ ಇಂಟರ್‌ಕ್ರಾಪ್‌ಗೆ ‘ಮಿಶ್ರಬೆಳೆ’, ಟಿಲ್ಲರ್‌ಗೆ ‘ಕವಲು’, ಪ್ರೊಡಕ್ಷನ್ ಮತ್ತು ಯೀಲ್ಡ್ ಎರಡಕ್ಕೂ ‘ಉತ್ಪಾದನೆ’ ಎಂದಿದೆ. ನಡೆದೀತೆ? ‘ಅಕ್ಕಡಿ’ ಬಳಸಬಹುದೆ?

ಉತ್ತರ (ಚಿಂತಾಮಣಿಯಿಂದ):

ಉತ್ಪಾದನೆ, ಯೀಲ್ಡ್‌ಗಳ ಮಾತನ್ನು ಮೊದಲು ಮುಗಿಸೋಣ. ಇಳುವರಿ ಎಕರೆಯ ಲೆಕ್ಕ. ಉತ್ಪಾದನೆ ಒಟ್ಟು ರಾಶಿಯ ಲೆಕ್ಕ. 1960ರ ದಶಕದಿಂದೀಚೆಗೆ ನಮ್ಮ ದೇಶದಲ್ಲಿ ರಾಗಿ ಬಿತ್ತುವ ನೆಲ ಬಹಳ ಕುಗ್ಗಿತು, ಉತ್ಪಾದನೆ ಅಷ್ಟರಮಟ್ಟಿಗೆ ಕುಸಿಯಲಿಲ್ಲ. ಇಳುವರಿ ಏರಿದ್ದೇ ಕಾರಣ. ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ಭಾರತದ ತಳಿಗಳಿಗೆ ಆಫ್ರಿಕಾದ ತಳಿಗಳನ್ನು ಕೂಡಿಸಿ ತೆಗೆದ ಇಂಡಾಫ್ ತಳಿಗಳು, ಆಮೇಲೆ ಬೆಂಕಿರೋಗ ತಡೆಯುವ ಜಿಪಿಯು-28 ತಳಿ ಬಂದವು. ಇಳುವರಿ, ಉತ್ಪಾದನೆ ಎರಡಕ್ಕೂ ಒಂದೇ ಪದ ಹಾಕಿದರೆ ಈ ಸಂಗತಿಯನ್ನು ಹೇಳಲಿಕ್ಕೇ ಬರುವುದಿಲ್ಲ.

‘ಕವಲು’ ಬೇಡ, ಅದು ಕೊಂಬೆಯ ಮಾತು. ರಾಗಿ, ಭತ್ತದ ಬುಡದಿಂದ ಹೊರಡುವುದು ತೆಂಡೆ. ‘ಪೈರು ತೆಂಡೆ ಒಡೆದಿದೆ’ ಎನ್ನುತ್ತಾರೆ. ತೆಂಡೆಗೂ ತೆನೆಗೂ ಅಚ್ಚಿನಲ್ಲಿ ಅದಲುಬದಲಾಗದಂತೆ ನೋಡಿಕೊಳ್ಳಿ, ಎಲ್ಲ ತೆಂಡೆಯೂ ತೆನೆ ಕೊಡುವುದಿಲ್ಲ. ಕೂರಿಗೆಯಲ್ಲಿ ಬಿತ್ತಲು ಎಕರೆಗೆ 4 ಕಿಲೋ ಬೀಜ ಸಾಕು. ಸಾಲಿಂದ ಸಾಲಿಗೆ 30 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10. ಎರಡು ಮೂರು ವಾರಕ್ಕೆ ಪೈರು ತೆಳುವು ಮಾಡದಿದ್ದರೆ ತೆಂಡೆ ಒಡೆಯಲು ಜಾಗವೇ ಇರುವುದಿಲ್ಲ. ಹಲುಬೆ (ಎತ್ತು ಎಳೆಯುವ ಹಲ್ಲುಗಳ ಸಾಧನ) ಹೊಡೆಯುವುದು ಇದಕ್ಕೇ. ಯೂರಿಯಾದ ಎರಡನೆಯ ಕಂತು ತಡವಾದರೆ ತೆಂಡೆಗಳು ಹಿಂದುಮುಂದಾಗಿ ಹೊರಟು ತೆನೆ ಒಟ್ಟಿಗೆ ಮಾಗವು, ಕೊಯ್ಲು ಎರಡು ಸಲ. ಬಿತ್ತಿದ ಸುಮಾರು 30–35 ದಿನಕ್ಕೆ, ಅದೂ ನೆಲದಲ್ಲಿ ತೇವ ಇದ್ದಾಗ ಕೊಡಬೇಕು.

ಇನ್ನು ಅಕ್ಕಡಿ. ಮಿಶ್ರಬೆಳೆ ಎಂದರೆ ಬೀಜಗಳನ್ನು ಬೆರೆಸಿ ಚೆಲ್ಲಿದ್ದು, ಸಾಲಿನ ಗುರುತಿಲ್ಲ. ಅಂಥ ಹೊಲದಲ್ಲಿ ಸಾಲಿನ ನಡುವೆ ಕಳೆ ತೆಗೆಯುವ ಕುಂಟೆ ಆಡುವುದಿಲ್ಲ; ರಾಗಿ ಕೊಯ್ಯುವ ಕುಡುಗೋಲಿಗೆ ತೊಗರಿಯೂ ಸಿಕ್ಕಿಬೀಳುತ್ತದೆ. ಅಂತರಬೆಳೆಗೆ ಸಾಲುಂಟು, ಆದರೆ ಒಂದಕ್ಕೊಂದು ಸರಿಸಮವೂ ಆಗಿರಬಹುದು. ಅಕ್ಕಡಿಯಲ್ಲಿ ಯಜಮಾನಿಕೆ ರಾಗಿಯದೇ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ, ಇಲ್ಲವೇ ಎಂಟು–ಹತ್ತು ಸಾಲಿಗೆ ಎರಡು ಸಾಲು ತೊಗರಿ. ಆ ಸಾಲುಗಳಿಂದ ಬಂದದ್ದು ಅಕ್ಕಡಿಕಾಳು. ಹೊಲದ ಅಂಚಿಗೆ ಹರಳೋ ಹುಚ್ಚೆಳ್ಳೋ ಇದ್ದರೆ ಅದು ಬೇರೆ ಲೆಕ್ಕ.

ಇದರ ಜಾಣತನ ಕಾಲದಲ್ಲಿದೆ. ರಾಗಿಯ ಬೇರು ಮೇಲ್ಪದರದ ತೇವ ಹೀರಿ ನವೆಂಬರ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಆಮೇಲೆ ತೊಗರಿ ಆಳದ ತೇವದಲ್ಲಿ ಕಾಯಿ ಕಟ್ಟುತ್ತದೆ, ನಾಟಿ ಅವರೆ ಹಗಲು ಗಿಡ್ಡವಾದ ಮೇಲೆಯೇ ಹೂ ಬಿಡುತ್ತದೆ. ಹೀಗಾಗಿ ಅಕ್ಕಡಿಗೆ ತಳಿ ಆರಿಸುವಾಗ ಎಚ್ಚರ ಬೇಕು. ಹೆಬ್ಬಾಳ ಅವರೆ-4ಕ್ಕೆ ಹಗಲಿನ ಉದ್ದದ ಹಂಗಿಲ್ಲ; ರಾಗಿ ನಿಂತಿರುವಾಗಲೇ ಕಾಯಿ ಬರುತ್ತದೆ, ಬಿಡಿಸಲು ಇಳಿದರೆ ರಾಗಿ ತುಳಿತಕ್ಕೆ ಸಿಗುತ್ತದೆ. ಸಾಲು ಹೆಚ್ಚಿಸುವ ಆಸೆಯೂ ಕೆಡುಕೇ: ನಾಲ್ಕಕ್ಕೊಂದು ಅವರೆ ಹಾಕಿದರೆ ಬಳ್ಳಿ ರಾಗಿಯ ಮೇಲೆ ಹಬ್ಬಿ ತೆನೆ ಜೊಳ್ಳಾಗುತ್ತದೆ.

ಪದಕ್ಕಿಂತ ದೊಡ್ಡ ತೊಡಕೊಂದಿದೆ. ಇಂಥ ಕೈಪಿಡಿಗಳಲ್ಲಿ ರಾಗಿಯ ಕಳೆಗೆ 2,4-ಡಿ ಸಿಂಪಡಿಸಿ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಅದು ಅಗಲ ಎಲೆಯ ಗಿಡಗಳನ್ನು ಸುಡುವ ಮದ್ದು. ಅವರೆ, ತೊಗರಿಗೂ ಅದೇ ಗತಿ. ಮೂಲದಲ್ಲಿ ಇಲ್ಲದಿದ್ದರೂ ‘ಅಕ್ಕಡಿ ಇರುವ ಹೊಲಕ್ಕೆ ಬೇಡ’ ಎಂದು ಅಡಿಟಿಪ್ಪಣಿ ಹಾಕಿ.

ಮತ್ತೊಂದು ಉತ್ತರ (ಪಾವಗಡದಿಂದ):

ಮೇಲಿನದಕ್ಕೆ ಒಪ್ಪಿಗೆ, ಒಂದು ತಕರಾರಿನೊಂದಿಗೆ. ನಮ್ಮ ಕಡೆ ಮುಖ್ಯ ಬೆಳೆ ಕಡಲೆಕಾಯಿ, ಅದರೊಳಗಿನ ತೊಗರಿ ಸಾಲಿಗೂ ಅಕ್ಕಡಿ ಎಂದೇ ಹೆಸರು. ಆದ್ದರಿಂದ ‘ಯಜಮಾನಿಕೆ ರಾಗಿಯದೇ’ ಅನ್ನುವುದನ್ನು ‘ಮುಖ್ಯ ಬೆಳೆಯದು’ ಎಂದು ತಿದ್ದಿಕೊಳ್ಳಿ. ಇನ್ನು ಉತ್ತರ ಕರ್ನಾಟಕದ ಓದುಗರಿಗೆ ‘ಅಕ್ಕಡಿ’ ಹೊಸದಾಗಬಹುದು. ಕೋಷ್ಟಕಗಳ ತಲೆಬರಹದಲ್ಲಿ ‘ಅಂತರಬೆಳೆ’ ಇರಲಿ, ಮೊದಲ ಬಳಕೆಯಲ್ಲಿ ಸಾಲಿನ ಲೆಕ್ಕದೊಂದಿಗೆ ಅಕ್ಕಡಿಯನ್ನು ವಿವರಿಸಿ, ಮುಂದೆ ಆ ಪದವನ್ನೇ ನಡೆಸಿ. ಪೂರ್ವ ಆಫ್ರಿಕಾದ ಹೊಲದಲ್ಲಿ ಬೆರೆಸಿ ಚೆಲ್ಲಿದ್ದಾರೆ ಎಂದು ಮೂಲದಲ್ಲಿ ಸ್ಪಷ್ಟವಿದ್ದರೆ ಮಾತ್ರ ಅಲ್ಲಿ ‘ಮಿಶ್ರಬೆಳೆ’ ಉಳಿಸಿ.